ದೂರದ ರಣರಂಗ, ನಮ್ಮೂರಿನ ಪ್ರಾರ್ಥನೆ

ಶತಮಾನೋತ್ಸವದ ಸ್ಮರಣ ಸಂಚಿಕೆಯೆಂದರೆ ದೇವಾಲಯದ ಅಡಿಗಲ್ಲು, ಗಂಟೆ, ಗೋಪುರ, ಸೇವೆ ಸಲ್ಲಿಸಿದ ಗುರುಗಳ ನಾಮಾವಳಿ, ಜ್ಞಾನಸ್ನಾನ ಮತ್ತು ವಿವಾಹಗಳ ದಾಖಲೆ ಇವುಗಳಿಗೆ ಮೊದಲ ಸ್ಥಾನ ಸಲ್ಲುವುದು ಸಹಜವೇ ಆಗಿದೆ. ಆದರೆ ಒಂದು ಧರ್ಮಕೇಂದ್ರದ ಬಾಳಿನಲ್ಲಿ ಯಾವ ದಫ್ತರದಲ್ಲಿಯೂ ಬರೆದಿಡದ ಕಾರ್ಯವೊಂದುಂಟು. ಅದು ನಾವು ಎಂದೂ ಕಾಣದ, ನಮ್ಮನ್ನು ಎಂದೂ ಕಾಣದ ಜನರಿಗಾಗಿ ಸಲ್ಲಿಸಿದ ಪ್ರಾರ್ಥನೆ. ಕಳೆದ ನೂರಕ್ಕೂ ಹೆಚ್ಚು ವರ್ಷಗಳಲ್ಲಿ ಜಗತ್ತಿನಲ್ಲಿ ಎಲ್ಲಿ ಯುದ್ಧ ಸಂಭವಿಸಿದರೂ ಅಲ್ಲಿಯ ಸಂಕಟಕ್ಕೀಡಾದವರನ್ನು ಬಲಿಪೂಜೆಯಲ್ಲಿಯೂ ಮನೆಯ ಸಂಜೆಯ ಜಪಸರದಲ್ಲಿಯೂ ನೆನೆಯಬೇಕೆಂದು ಧರ್ಮಸಭೆಯು ಕರೆ ಕೊಡುತ್ತ ಬಂದಿದೆ. ಆ ಕರೆಯ ಇತಿಹಾಸವನ್ನು, ವಿಶೇಷವಾಗಿ ಅದು ನಮ್ಮ ಈ ಕನ್ನಡ ನಾಡಿನ ನೆಲವನ್ನು ಮುಟ್ಟಿದ ಬಗೆಯನ್ನು, ಇಲ್ಲಿ ಸಂಕ್ಷೇಪವಾಗಿ ನಿರೂಪಿಸಲು ಬಯಸುತ್ತೇವೆ.

ಇದಕ್ಕೆ ಒಂದು ಕಾರಣವಿದೆ. ಇಂದಿನ ತರುಣರು ನಮ್ಮನ್ನು ಕೇಳುವ ಪ್ರಶ್ನೆ ನೇರವಾದುದು: “ಮಲಪ್ರಭೆಯ ದಂಡೆಯ ಮೇಲೆ ಕುಳಿತು ನಾವು ಮಾಡುವ ಪ್ರಾರ್ಥನೆಯಿಂದ ಸಾವಿರಾರು ಮೈಲಿ ದೂರದ ಗುಂಡು ನಿಲ್ಲುವುದೇ?” ಈ ಪ್ರಶ್ನೆಯನ್ನು ಅವಿಶ್ವಾಸವೆಂದು ತಳ್ಳಿಹಾಕುವುದು ಸರಿಯಲ್ಲ. ಹಿರಿಯರಾದ ನಾವೂ ಮನಸ್ಸಿನೊಳಗೆ ಅದನ್ನು ಕೇಳಿಕೊಂಡವರೇ. ಆದುದರಿಂದ ನಡೆದುದನ್ನು ನಡೆದಂತೆ ಹೇಳಿ, ಕೊನೆಗೆ ನಮಗೆ ತೋಚಿದ ಉತ್ತರವನ್ನು ವಾಚಕರ ಮುಂದಿಡುತ್ತೇವೆ.

ಕಿತ್ತೂರಿನ ನೆನಪು

ಯುದ್ಧವೆಂದರೇನೆಂಬುದು ಈ ಸೀಮೆಯವರಿಗೆ ಪುಸ್ತಕದ ಮಾತಲ್ಲ. ಎಂ.ಕೆ. ಹುಬ್ಬಳ್ಳಿಗೆ ಸಮೀಪದಲ್ಲಿಯೇ ಕಿತ್ತೂರಿನ ಕೋಟೆಯ ಅವಶೇಷಗಳಿವೆ. 1824ರ ಅಕ್ಟೋಬರ್ 23ರಂದು ಅಲ್ಲಿ ನಡೆದ ಕಾಳಗದಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಮಡಿದನು. ಅಂದು ಸೆರೆಸಿಕ್ಕ ಸ್ಟೀವನ್‌ಸನ್ ಮತ್ತು ಎಲಿಯಟ್ ಎಂಬ ಇಬ್ಬರು ಅಧಿಕಾರಿಗಳನ್ನು ರಾಣಿ ಚೆನ್ನಮ್ಮನವರು ಕೊಲ್ಲಿಸಲಿಲ್ಲ. ಸಂಧಾನದ ಮಾತುಕತೆಯ ಕಾಲದಲ್ಲಿ ಅವರನ್ನು ಬಿಡುಗಡೆ ಮಾಡಿದರು. ಆದರೂ ಡಿಸೆಂಬರ್ ತಿಂಗಳಲ್ಲಿ ದೊಡ್ಡ ದಂಡು ಬಂದು ಕೋಟೆಯನ್ನು ಹಿಡಿಯಿತು. ರಾಣಿಯವರು 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿಯೇ ಕೊನೆಯುಸಿರೆಳೆದರು.

ಲಂಡನ್ನಿನಲ್ಲಿ ಕುಳಿತವರಿಗೆ ಅದು ಹೆಸರನ್ನು ಸರಿಯಾಗಿ ಉಚ್ಚರಿಸಲೂ ಬಾರದ ಊರಿನ ದೂರದ ಯುದ್ಧವಾಗಿತ್ತು. ಕಿತ್ತೂರಿನ ತಾಯಂದಿರಿಗೆ ಮಾತ್ರ ಅದು ಹೊಸ್ತಿಲ ಮೇಲಿನ ಯುದ್ಧ. ಇದನ್ನು ನೆನೆದರೆ ಒಂದು ಸತ್ಯ ಗೋಚರಿಸುತ್ತದೆ: ದೂರದ ಯುದ್ಧವೆಂಬುದು ನೋಡುವವನ ಮಾತೇ ಹೊರತು ಅನುಭವಿಸುವವನ ಮಾತಲ್ಲ. ಪ್ರತಿಯೊಂದು ಯುದ್ಧವೂ ಯಾರದೋ ಮನೆಯಂಗಳದಲ್ಲಿಯೇ ನಡೆಯುತ್ತದೆ. ಸೆರೆಸಿಕ್ಕ ಶತ್ರುವಿನ ಪ್ರಾಣವನ್ನು ಉಳಿಸಿದ ನಾಡಿನ ಜನರಿಗೆ, ಶತ್ರುವಿಗಾಗಿಯೂ ಪ್ರಾರ್ಥಿಸಿರೆಂಬ ಪ್ರಭು ಯೇಸುವಿನ ಬೋಧನೆ ಪೂರ್ತಿ ಅಪರಿಚಿತವಾಗಿ ಕೇಳಿಸಲಾರದು.

ಮೊದಲನೆಯ ಮಹಾಯುದ್ಧದ ದಿನಗಳು

1914ರಲ್ಲಿ ಯುರೋಪಿನಲ್ಲಿ ಹೊತ್ತಿದ ಬೆಂಕಿ ಹಿಂದೂಸ್ತಾನವನ್ನು ಬಿಡಲಿಲ್ಲ. ಹತ್ತು ಲಕ್ಷಕ್ಕೂ ಮೀರಿದ ಭಾರತೀಯರು ಹಡಗು ಹತ್ತಿ ಪರದೇಶಗಳಿಗೆ ಹೋದರು. ಅವರಲ್ಲಿ ಎಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಮರಳಿ ಬರಲಿಲ್ಲ. ಇಂದು ಬೆಳಗಾವಿಯಲ್ಲಿ ಕೇಂದ್ರವನ್ನು ಹೊಂದಿರುವ ಮರಾಠಾ ಲಘು ಪದಾತಿ ದಳದ ಪೂರ್ವಜ ಪಲ್ಟಣಿಗಳು ಮೆಸೊಪೊಟೇಮಿಯದಲ್ಲಿ, ಅಂದರೆ ಇಂದಿನ ಇರಾಕ್ ದೇಶದಲ್ಲಿ, ಟೈಗ್ರಿಸ್ ನದಿಯ ತಿರುವಿನಲ್ಲಿರುವ ಕೂತ್ ಎಂಬ ಪಟ್ಟಣದೊಳಗೆ ಮುತ್ತಿಗೆಗೆ ಸಿಕ್ಕಿಬಿದ್ದವು. 1915ರ ಡಿಸೆಂಬರ್ 7ರಿಂದ 1916ರ ಏಪ್ರಿಲ್ 29ರವರೆಗೆ ಆ ಮುತ್ತಿಗೆ ನಡೆಯಿತು. ಅನ್ನವಿಲ್ಲದೆ ಸೊರಗಿ ಶರಣಾದ ಸಿಪಾಯಿಗಳಲ್ಲಿ ಬಹಳ ಮಂದಿ ಸೆರೆಯ ಮರುಭೂಮಿಯ ದಾರಿಯಲ್ಲಿಯೇ ಅಸುನೀಗಿದರು. ಇತ್ತ ಮೈಸೂರು ಸಂಸ್ಥಾನದ ಅಶ್ವದಳವು 1918ರ ಸೆಪ್ಟೆಂಬರ್ 23ರಂದು ಪವಿತ್ರ ನಾಡಿನ ಹೈಫಾ ಪಟ್ಟಣದ ಕಾಳಗದಲ್ಲಿ ಜೋಧಪುರದ ಸವಾರರ ಜೊತೆಗೂಡಿ ಹೋರಾಡಿತು. ಹೈಫಾ ಇರುವುದು ಕಾರ್ಮೆಲ್ ಬೆಟ್ಟದ ಬುಡದಲ್ಲಿ. ಉತ್ತರಿಕೆಯನ್ನು ಕೊರಳಲ್ಲಿ ಧರಿಸುವ ನಮ್ಮ ಮನೆಗಳವರು ಭಕ್ತಿಯಿಂದ ನೆನೆಯುವ ಅದೇ ಕಾರ್ಮೆಲ್ ಬೆಟ್ಟದ ಇಳಿಜಾರಿನಲ್ಲಿ ಕನ್ನಡ ನಾಡಿನ ಸವಾರರ ಕುದುರೆಗಳು ಓಡಿದವು.

ಯುದ್ಧ ಆರಂಭವಾದ ಕೆಲವೇ ವಾರಗಳಲ್ಲಿ, 1914ರ ಸೆಪ್ಟೆಂಬರ್ 3ರಂದು, ವಿಶ್ವಗುರುಗಳಾಗಿ ಆಯ್ಕೆಯಾದವರು 15ನೆಯ ಬೆನೆಡಿಕ್ಟರು. ಅವರ ಎದುರಿಗೆ ಕಠಿಣವಾದ ಸಮಸ್ಯೆಯಿತ್ತು. ಕಥೋಲಿಕರು ಎರಡೂ ಪಕ್ಷಗಳಲ್ಲಿದ್ದರು. ಆಯಾ ದೇಶದ ದೇವಾಲಯಗಳಲ್ಲಿ ಆಯಾ ಸೈನ್ಯದ ಜಯಕ್ಕಾಗಿ ಮೊರೆ ಕೇಳಿಬರುತ್ತಿತ್ತು. ವಿಶ್ವಗುರುಗಳಾದರೋ ಜಯಕ್ಕಾಗಿ ಅಲ್ಲ, ಶಾಂತಿಗಾಗಿ ಪ್ರಾರ್ಥಿಸಿರೆಂದು ಆಜ್ಞಾಪಿಸಿದರು. ಅವರೇ ರಚಿಸಿದ ಪ್ರಾರ್ಥನೆಯನ್ನು 1915ರ ಫೆಬ್ರುವರಿ 7ರಂದು ಯುರೋಪಿನ ದೇವಾಲಯಗಳಲ್ಲಿಯೂ ಮಾರ್ಚ್ 21ರಂದು ಉಳಿದ ಲೋಕದ ದೇವಾಲಯಗಳಲ್ಲಿಯೂ ಸಲ್ಲಿಸಬೇಕೆಂದು ಗೊತ್ತುಪಡಿಸಲಾಯಿತು. ಶಾಂತಿಯನ್ನು ಬೇಡುವ ಆ ಪ್ರಾರ್ಥನೆಯೇ ಕೆಲವರಿಗೆ ಸಂಶಯದ ವಸ್ತುವಾಯಿತು. ಫ್ರಾನ್ಸಿನ ಅಧಿಕಾರಿಗಳು ಮೊದಲು ಅದರ ಪ್ರತಿಗಳನ್ನು ವಶಪಡಿಸಿಕೊಂಡರು. ಶತ್ರುವನ್ನೂ ಒಳಗೊಳ್ಳುವ ಪ್ರಾರ್ಥನೆಯು ಎಂತಹ ಧೈರ್ಯದ ಕಾರ್ಯವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಇಂದಿಗೂ ನಾವು ಅರಿಯದೆಯೇ ಆ ಯುದ್ಧದ ಕಾಲದ ಎರಡು ಕುರುಹುಗಳನ್ನು ನಮ್ಮ ಪೂಜಾಚರಣೆಯಲ್ಲಿ ಇರಿಸಿಕೊಂಡಿದ್ದೇವೆ. ಸಕಲ ಮೃತರ ದಿನದಂದು ಪ್ರತಿಯೊಬ್ಬ ಗುರುವೂ ಮೂರು ಬಲಿಪೂಜೆಗಳನ್ನು ಅರ್ಪಿಸುವ ಅವಕಾಶವನ್ನು 15ನೆಯ ಬೆನೆಡಿಕ್ಟರು ಇಡೀ ಧರ್ಮಸಭೆಗೆ ದಯಪಾಲಿಸಿದ್ದು 1915ರ ಆಗಸ್ಟ್ 10ರಂದು, ರಣರಂಗದಲ್ಲಿ ಹೆಸರಿಲ್ಲದೆ ಬಿದ್ದವರ ಸಂಖ್ಯೆ ಎಣಿಕೆಗೆ ಮೀರಿದಾಗ. ಮಾತೆ ಮರಿಯಮ್ಮನವರ ಮನವಿಮಾಲೆಯಲ್ಲಿ ಅವರನ್ನು ಶಾಂತಿಯ ರಾಣಿಯೆಂದು ಕರೆಯುವ ಮಾತನ್ನು ಶಾಶ್ವತವಾಗಿ ಸೇರಿಸುವಂತೆ ಅವರು ಆದೇಶಿಸಿದ್ದು 1917ರ ಮೇ 5ರ ಪತ್ರದಲ್ಲಿ. ಅದಾದ ಎಂಟನೆಯ ದಿನವೇ, ಮೇ 13ರಂದು, ಪೋರ್ತುಗಲ್ ದೇಶದ ಫಾತಿಮಾದಲ್ಲಿ ಮೂವರು ಕುರಿಕಾಯುವ ಮಕ್ಕಳಿಗೆ ಮಾತೆಯ ದರ್ಶನವಾಯಿತೆಂದೂ ಶಾಂತಿಗಾಗಿ ದಿನವೂ ಜಪಸರ ಮಾಡಿರೆಂದು ಮಾತೆ ಹೇಳಿದರೆಂದೂ ಧರ್ಮಸಭೆಯ ಇತಿಹಾಸ ಸ್ಮರಿಸುತ್ತದೆ. ಆಗ ಪೋರ್ತುಗಲ್ಲೂ ಯುದ್ಧದಲ್ಲಿತ್ತು. ಪೋರ್ತುಗಲ್ಲಿನ ಆಳ್ವಿಕೆಯಲ್ಲಿದ್ದ ಗೋವೆಯೊಡನೆ ನಮ್ಮ ಸೀಮೆಯ ಕಥೋಲಿಕರಿಗಿದ್ದ ಹಳೆಯ ಸಂಬಂಧವನ್ನು ಬಲ್ಲವರಿಗೆ ಫಾತಿಮಾ ಮಾತೆಯ ಭಕ್ತಿ ಇಲ್ಲಿ ಬೇಗ ಬೇರುಬಿಟ್ಟುದು ಆಶ್ಚರ್ಯವೆನಿಸದು.

ಸೆರೆಯಾದ ಕುರುಬರು

ಆ ಯುದ್ಧವು ಇಲ್ಲಿಯ ಕ್ರೈಸ್ತರನ್ನು ಇನ್ನೊಂದು ಬಗೆಯಲ್ಲಿಯೂ ತಟ್ಟಿತು. ಮುಂಬಯಿ ಮತ್ತು ಪುಣೆಯ ಧರ್ಮಪ್ರಾಂತ್ಯಗಳಲ್ಲಿ ಹತ್ತೊಂಬತ್ತನೆಯ ಶತಮಾನದ ನಡುವಿನಿಂದ ದುಡಿಯುತ್ತಿದ್ದವರು ಬಹುಮಟ್ಟಿಗೆ ಜರ್ಮನ್ ಮೂಲದ ಯೇಸುಸಭೆಯ ಗುರುಗಳು. ಯುದ್ಧ ಬಂದೊಡನೆ ನಿನ್ನೆಯವರೆಗೂ ಪಾಪನಿವೇದನೆ ಕೇಳುತ್ತಿದ್ದ, ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಗುರುಗಳು ಸರಕಾರದ ಕಣ್ಣಿಗೆ ಶತ್ರುಗಳಾದರು. ಅನೇಕರನ್ನು ಅಹಮದನಗರದ ಬಂಧನ ಶಿಬಿರಕ್ಕೆ ಕಳುಹಿಸಲಾಯಿತು; ಬಳಿಕ ಹಡಗಿನಲ್ಲಿ ಸ್ವದೇಶಕ್ಕೆ ಸಾಗಿಸಲಾಯಿತು. ಪುಣೆಯ ಧರ್ಮಾಧ್ಯಕ್ಷರಾಗಿದ್ದ ಹೆನ್ರಿ ಡೋರಿಂಗ್ ಅವರು ತಮ್ಮ ಪೀಠದಿಂದ ದೂರ ಉಳಿಯಬೇಕಾಯಿತು. 1921ರಲ್ಲಿ ಅವರನ್ನು ಜಪಾನಿನ ಹಿರೋಶಿಮಾಕ್ಕೆ ನೇಮಿಸಲಾಯಿತು. ಅವರು ಪುಣೆಯ ಪೀಠಕ್ಕೆ ಮರಳಿದ್ದು 1927ರಲ್ಲಿ. ತಾವು ಸೇವೆ ಸಲ್ಲಿಸಿದ ಅದೇ ಹಿರೋಶಿಮಾ 1945ರ ಆಗಸ್ಟ್ 6ರಂದು ಅಣುಬಾಂಬಿಗೆ ಸುಟ್ಟ ಸುದ್ದಿ ಬಂದಾಗಲೂ ಅವರು ಪುಣೆಯ ಧರ್ಮಾಧ್ಯಕ್ಷರಾಗಿಯೇ ಇದ್ದರು.

ಇದೇ ಗತಿ ನಮ್ಮ ಪ್ರೊಟೆಸ್ಟೆಂಟ್ ಸಹೋದರರದೂ ಆಯಿತು. 1837ರಲ್ಲಿ ಧಾರವಾಡಕ್ಕೆ ಬಂದು, ಕನ್ನಡಕ್ಕೆ ಕಿಟ್ಟೆಲರ ನಿಘಂಟಿನಂತಹ ಕೊಡುಗೆಯನ್ನಿತ್ತ ಬಾಸೆಲ್ ಮಿಷನ್ನಿನ ಜರ್ಮನ್ ಪಾದ್ರಿಗಳು ಬಂಧನಕ್ಕೊಳಗಾದರು, ದೇಶ ಬಿಟ್ಟು ಹೋದರು. ಅವರ ಹಂಚಿನ ಕಾರ್ಖಾನೆ ಮತ್ತು ನೇಯ್ಗೆಯ ಉದ್ಯಮಗಳು ಶತ್ರುವಿನ ಆಸ್ತಿಯೆಂದು ಪರರ ಪಾಲಾದವು. ಆಗಿನ ವಿಶ್ವಾಸಿಗಳು ಯಾರಿಗಾಗಿ ಪ್ರಾರ್ಥಿಸಬೇಕಾಗಿತ್ತು? ಸರಕಾರಿ ಸೈನ್ಯದಲ್ಲಿದ್ದ ತಮ್ಮ ಜಿಲ್ಲೆಯ ಸಿಪಾಯಿಗಾಗಿಯೇ, ಅಥವಾ ತಮ್ಮ ಮಕ್ಕಳಿಗೆ ಜ್ಞಾನಸ್ನಾನವನ್ನಿತ್ತ ಶತ್ರು ದೇಶದ ಗುರುವಿಗಾಗಿಯೇ? ಇಬ್ಬರಿಗಾಗಿಯೂ ಎಂಬುದಲ್ಲದೆ ಬೇರೆ ಉತ್ತರ ಸಾಧ್ಯವಿರಲಿಲ್ಲ. ಜಯದ ಪ್ರಾರ್ಥನೆ ಸಾಲದು, ಶಾಂತಿಯ ಪ್ರಾರ್ಥನೆಯೇ ಬೇಕು ಎಂಬ ವಿಶ್ವಗುರುಗಳ ಮಾತಿನ ಅರ್ಥ ಇಂತಹ ಕಡೆಗಳಲ್ಲಿ ತಾನಾಗಿ ತಿಳಿಯುತ್ತಿತ್ತು.

1918ರಲ್ಲಿ ಯುದ್ಧ ಮುಗಿಯುವ ಹೊತ್ತಿಗೆ ಸೈನಿಕರ ಹಡಗುಗಳ ಜೊತೆಗೆ ವಿಷಮಶೀತ ಜ್ವರವೂ ಮುಂಬಯಿಗೆ ಬಂದಿಳಿದು, ರೈಲುಮಾರ್ಗವನ್ನು ಹಿಡಿದು ಒಳನಾಡಿಗೆ ಹರಡಿತು. ಹಿಂದೂಸ್ತಾನದಲ್ಲಿ ಅದಕ್ಕೆ ಬಲಿಯಾದವರು ಒಂದು ಕೋಟಿಗೂ ಹೆಚ್ಚು. ಆಗ ನಮ್ಮ ಬೆಳಗಾವಿ ಜಿಲ್ಲೆ ಸೇರಿದ್ದ ಮುಂಬಯಿ ಪ್ರಾಂತದಲ್ಲಿ ಅದರ ಹಾವಳಿ ಘೋರವಾಗಿತ್ತು. ರೋಗ, ಬರಗಾಲ, ಯುದ್ಧ ಈ ಮೂರರಿಂದಲೂ ನಮ್ಮನ್ನು ಕಾಪಾಡೆಂದು ಒಂದೇ ಉಸಿರಿನಲ್ಲಿ ಬೇಡುವ ಧರ್ಮಸಭೆಯ ಪುರಾತನ ಮನವಿಮಾಲೆ ಎಷ್ಟು ಅನುಭವದಿಂದ ಹುಟ್ಟಿದುದೆಂಬುದು ಆ ವರ್ಷ ಎಲ್ಲರಿಗೂ ಮನವರಿಕೆಯಾಗಿರಬೇಕು.

ಬಾಗಿಲಿಗೆ ಬಂದ ಪೋಲೆಂಡ್

ಎರಡನೆಯ ಮಹಾಯುದ್ಧಕ್ಕೆ ಮುಂಚೆಯೇ, 1939ರ ಏಪ್ರಿಲ್ ತಿಂಗಳಲ್ಲಿ, ವಿಶ್ವಗುರು 12ನೆಯ ಭಕ್ತಿನಾಥರು (ಪಿಯುಸ್) ಮೇ ತಿಂಗಳ ಮಾತೆಯ ಭಕ್ತಿಯಲ್ಲಿ ಮಕ್ಕಳೇ ಮುಂದಾಗಿ ಶಾಂತಿಗಾಗಿ ಪ್ರಾರ್ಥಿಸಬೇಕೆಂದು ಬೇಡಿದರು. ಆ ಸೆಪ್ಟೆಂಬರಿನಲ್ಲಿ ಪೋಲೆಂಡಿನ ಮೇಲೆ ಪಶ್ಚಿಮದಿಂದ ಜರ್ಮನಿಯೂ ಪೂರ್ವದಿಂದ ಸೋವಿಯತ್ ರಷ್ಯವೂ ಎರಗಿದವು. 1940ರ ಫೆಬ್ರುವರಿಯಿಂದ ಪೂರ್ವ ಪೋಲೆಂಡಿನ ಲಕ್ಷಾಂತರ ಜನರನ್ನು ರೈಲಿನ ಸರಕು ಡಬ್ಬಿಗಳಲ್ಲಿ ತುಂಬಿ ಸೈಬೀರಿಯಕ್ಕೂ ಮಧ್ಯ ಏಷ್ಯಕ್ಕೂ ಸಾಗಿಸಲಾಯಿತು. 1941ರ ಒಪ್ಪಂದದಿಂದ ಬಿಡುಗಡೆ ಹೊಂದಿದವರು ಹಸಿವು, ಜ್ವರಗಳನ್ನು ದಾಟಿ ಇರಾನಿಗೆ ಬಂದರು. ಅಲ್ಲಿಂದ ಅವರನ್ನು ಎಲ್ಲಿಗೆ ಕಳುಹಿಸುವುದೆಂಬ ಪ್ರಶ್ನೆ ಎದ್ದಾಗ ಬಾಗಿಲು ತೆರೆದವರಲ್ಲಿ ಭಾರತವೂ ಒಂದು. ನವಾನಗರದ ಜಾಮ್ ಸಾಹೇಬ ದಿಗ್ವಿಜಯಸಿಂಹಜಿ ಅವರು ಬಾಲಾಚಡಿಯಲ್ಲಿ ಅನಾಥ ಮಕ್ಕಳಿಗೆ ಆಶ್ರಯವಿತ್ತರು. 1943ರಿಂದ 1948ರವರೆಗೆ ನಮ್ಮ ನೆರೆಯ ಕೊಲ್ಲಾಪುರ ಸಂಸ್ಥಾನದ ವಳಿವಡೆ ಎಂಬಲ್ಲಿ ಸುಮಾರು 5,000 ಪೋಲಿಷ್ ನಿರಾಶ್ರಿತರು ವಾಸವಾಗಿದ್ದರು. ಹೆಚ್ಚಿನವರು ಹೆಂಗಸರು, ಮಕ್ಕಳು, ಮುದುಕರು.

ಬೆಳಗಾವಿಯಿಂದ ವಳಿವಡೆಗೆ ರಾಷ್ಟ್ರೀಯ ಹೆದ್ದಾರಿಯಲ್ಲಿ ಕೆಲವೇ ಗಂಟೆಗಳ ಪ್ರಯಾಣ. ಕೃಷ್ಣೆಯನ್ನು ಸೇರುವ ಪಂಚಗಂಗೆಯ ಬಯಲಿನಲ್ಲಿ, ಕನ್ನಡ ಮರಾಠಿ ಎರಡೂ ಬೆರೆತ ಗಡಿಯ ಸೀಮೆಯಲ್ಲಿ, ಬಿಳಿಯ ತಲೆವಸ್ತ್ರದ ಅಜ್ಜಿಯರು ತಮ್ಮ ಭಾಷೆಯಲ್ಲಿ ಜಪಸರ ಹೇಳುತ್ತಿದ್ದರು. ಶಿಬಿರದಲ್ಲಿ ಅವರದೇ ದೇವಾಲಯವಿತ್ತು, ಶಾಲೆಗಳಿದ್ದವು, ಬಾಲಚರರ ದಳಗಳಿದ್ದವು. ಯುದ್ಧ ಮುಗಿದ ಮೇಲೆ ಅವರಲ್ಲಿ ಬಹಳ ಮಂದಿಗೆ ಮರಳಲು ಮನೆಯೇ ಉಳಿದಿರಲಿಲ್ಲ, ಗಡಿಗಳು ಬದಲಾಗಿದ್ದವು. ಇಂಗ್ಲೆಂಡ್, ಆಸ್ಟ್ರೇಲಿಯ, ಕೆನಡಾ ಮೊದಲಾದ ದೇಶಗಳಿಗೆ ಅವರು ಚದುರಿಹೋದರು. ಇಲ್ಲಿಯೇ ತೀರಿಕೊಂಡವರು ಕೊಲ್ಲಾಪುರದ ಮಣ್ಣಿನಲ್ಲಿ ವಿಶ್ರಮಿಸುತ್ತಿದ್ದಾರೆ. ಸಕಲ ಮೃತರ ದಿನದಂದು ನಾವು ನಮ್ಮ ಸಮಾಧಿಗಳ ಮೇಲೆ ಮೇಣದ ಬತ್ತಿ ಹಚ್ಚುವಾಗ, ತಮ್ಮವರೆಂಬವರು ಹತ್ತಿರದಲ್ಲಿಲ್ಲದ ಆ ಸಮಾಧಿಗಳನ್ನೂ ನೆನೆಯುವುದು ಉಚಿತ.

ಅದೇ ವರ್ಷಗಳಲ್ಲಿ ಬೆಂಗಳೂರಿನ ಶಿಬಿರಗಳಲ್ಲಿ ಸಾವಿರಾರು ಮಂದಿ ಇಟಲಿಯ ಯುದ್ಧಕೈದಿಗಳಿದ್ದರು. ಇತ್ತ ಬೆಳಗಾವಿಯಿಂದ ಹೊರಟ ಮರಾಠಾ ಪಲ್ಟಣಿಯ ಯೋಧರು 1944 ಮತ್ತು 1945ರಲ್ಲಿ ಇಟಲಿಯ ಬೆಟ್ಟಗಳಲ್ಲಿ, ನದಿಯ ದಂಡೆಗಳಲ್ಲಿ ಕಾದುತ್ತಿದ್ದರು. ಒಬ್ಬ ತಾಯಿಯ ಮಗ ಇನ್ನೊಬ್ಬ ತಾಯಿಯ ಊರಿನಲ್ಲಿ! ಇಬ್ಬರು ತಾಯಂದಿರ ಕೋರಿಕೆಯೂ ಒಂದೇ ಆಗಿದ್ದಿತು: ಮಗನು ಬದುಕಿ ಮರಳಲಿ. 1942ರ ಅಕ್ಟೋಬರ್ 31ರಂದು 12ನೆಯ ಭಕ್ತಿನಾಥರು ಇಡೀ ಜಗತ್ತನ್ನು ಮಾತೆ ಮರಿಯಮ್ಮನವರ ನಿಷ್ಕಳಂಕ ಹೃದಯಕ್ಕೆ ಸಮರ್ಪಿಸಿದಾಗ, ಆ ಸಮರ್ಪಣೆಯಲ್ಲಿ ಈ ಇಬ್ಬರು ತಾಯಂದಿರೂ ಒಂದೇ ಮಡಿಲಿಗೆ ಸೇರಿದರೆಂದು ನಾವು ನಂಬುತ್ತೇವೆ.

ನಮ್ಮ ನುಡಿಯಲ್ಲಿ ಬಿನ್ನಹ

1953ರ ಸೆಪ್ಟೆಂಬರ್ 19ರಂದು ಬೆಳಗಾವಿಯು ಸ್ವತಂತ್ರ ಧರ್ಮಪ್ರಾಂತ್ಯವಾಯಿತು. ಅನಂತರದ ದಶಕದಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯು ಬಲಿಪೂಜೆಯಲ್ಲಿ ವಿಶ್ವಾಸಿಗಳ ಬಿನ್ನಹಗಳಿಗೆ ಮತ್ತೆ ಸ್ಥಾನ ಕಲ್ಪಿಸಿತು. ಅದುವರೆಗೆ ಲತೀನಿನಲ್ಲಿ ಕೇಳುತ್ತಿದ್ದ ಶಾಂತಿಯ ಮೊರೆಯು ಕನ್ನಡದಲ್ಲಿ, ನಮ್ಮವರ ಬಾಯಿಂದಲೇ, ಹೊರಡತೊಡಗಿತು. ವಿಯೆಟ್ನಾಂ ಯುದ್ಧದ ಕಾಲದಲ್ಲಿ 6ನೆಯ ಪೌಲರು 1966ರ ಸೆಪ್ಟೆಂಬರ್ 15ರ ಪತ್ರದ ಮೂಲಕ ಅಕ್ಟೋಬರ್ ತಿಂಗಳಿಡೀ ಶಾಂತಿಗಾಗಿ ಜಪಸರ ಹೇಳಬೇಕೆಂದು ಕೋರಿದರು. 1968ರ ಜನವರಿ 1ರಿಂದ ಹೊಸ ವರ್ಷದ ಮೊದಲ ದಿನವನ್ನು ವಿಶ್ವ ಶಾಂತಿ ದಿನವಾಗಿ ಆಚರಿಸುವ ಪದ್ಧತಿಯನ್ನು ಹಾಕಿಕೊಟ್ಟರು. ಬಿತ್ತನೆ, ಮಳೆ, ರೋಗಿಗಳು, ಪರೀಕ್ಷೆಗೆ ಕುಳಿತ ಮಕ್ಕಳು ಇವರಿಗಾಗಿ ಸಲ್ಲಿಸುವ ಬಿನ್ನಹಗಳ ಸಾಲಿನಲ್ಲಿ ದೂರದ ದೇಶದ ಹೆಸರೊಂದು ಸೇರುವುದು ಹೀಗೆ ರೂಢಿಯಾಯಿತು.

ರೂಢಿಯಲ್ಲಿ ಒಂದು ಅಪಾಯವೂ ಇದೆ. ಓದುವವನು ಓದುತ್ತಾನೆ, ಸಭೆಯು ಉತ್ತರಿಸುತ್ತದೆ, ಮನಸ್ಸು ಎಲ್ಲಿಯೋ ಇರುತ್ತದೆ. ಅಂತಹ ಮರೆವಿನಿಂದ ನಮ್ಮನ್ನು ಎಚ್ಚರಿಸಿದ ವರ್ಷ 2022. ಫೆಬ್ರುವರಿ 24ರಂದು ರಷ್ಯವು ಉಕ್ರೇನಿನ ಮೇಲೆ ದಂಡೆತ್ತಿತು. ಮಾರ್ಚ್ 2ರ ವಿಭೂತಿ ಬುಧವಾರದಂದು ಉಕ್ರೇನಿನ ಶಾಂತಿಗಾಗಿ ಉಪವಾಸ ಮತ್ತು ಪ್ರಾರ್ಥನೆ ಮಾಡಬೇಕೆಂದು ವಿಶ್ವಗುರು ಫ್ರಾನ್ಸಿಸರು ಕರೆ ಕೊಟ್ಟಿದ್ದರು. ಅದರ ಮುನ್ನಾದಿನವೇ, ಮಾರ್ಚ್ 1ರಂದು, ಖಾರ್ಕಿವ್ ನಗರದಲ್ಲಿ ವೈದ್ಯಕೀಯ ಓದುತ್ತಿದ್ದ ಹಾವೇರಿ ಜಿಲ್ಲೆಯ ರಾಣೆಬೆನ್ನೂರು ತಾಲೂಕಿನ ಚಳಗೇರಿಯ ತರುಣನೊಬ್ಬನು, ಆಹಾರ ಸಾಮಗ್ರಿ ತರಲು ಹೊರಗೆ ಬಂದಾಗ, ದಾಳಿಗೆ ಬಲಿಯಾದನು. ಮರುದಿನ ಹಣೆಗೆ ಬೂದಿ ಹಚ್ಚಿಸಿಕೊಂಡ ಕನ್ನಡ ನಾಡಿನ ಕಥೋಲಿಕರಿಗೆ ಉಕ್ರೇನ್ ಇನ್ನು ದೂರದ ದೇಶವಾಗಿ ಉಳಿದಿರಲಿಲ್ಲ. ಇಪ್ಪತ್ತು ದಿನಗಳ ಬಳಿಕ ಮಗನ ಶರೀರ ಊರಿಗೆ ಬಂದಾಗ, ಆ ತಂದೆತಾಯಿಗಳು ತಮ್ಮ ವೀರಶೈವ ಸಂಪ್ರದಾಯದಂತೆ ಪೂಜೆ ಸಲ್ಲಿಸಿ, ವೈದ್ಯನಾಗಬೇಕೆಂದಿದ್ದ ಮಗನ ದೇಹವನ್ನು ದಾವಣಗೆರೆಯ ವೈದ್ಯಕೀಯ ಮಹಾವಿದ್ಯಾಲಯಕ್ಕೆ ದಾನವಾಗಿ ಒಪ್ಪಿಸಿದರು. ಯುದ್ಧವು ಕಿತ್ತುಕೊಂಡುದನ್ನು ಅವರು ಲೋಕದ ಹಿತಕ್ಕಾಗಿ ಕೊಟ್ಟುಬಿಟ್ಟರು. ಅವರ ಮುಂದೆ ನಾವು ಕೈಮುಗಿದು ನಿಲ್ಲುವುದಲ್ಲದೆ ಉಪದೇಶ ಹೇಳುವ ಯೋಗ್ಯತೆಯುಳ್ಳವರಲ್ಲ.

ಅದೇ ಮಾರ್ಚ್ 25ರಂದು ಫ್ರಾನ್ಸಿಸರು ಉಕ್ರೇನನ್ನು ಮಾತ್ರವಲ್ಲ, ರಷ್ಯವನ್ನೂ ಮಾತೆಯ ನಿಷ್ಕಳಂಕ ಹೃದಯಕ್ಕೆ ಒಪ್ಪಿಸಿದರು. 2023ರ ಅಕ್ಟೋಬರಿನಲ್ಲಿ ಪವಿತ್ರ ನಾಡಿನಲ್ಲಿ ಯುದ್ಧ ಸಿಡಿದ ಮೇಲೆ, ಗಾಜಾದ ಏಕೈಕ ಕಥೋಲಿಕ ಧರ್ಮಕೇಂದ್ರವಾದ ಪವಿತ್ರ ಕುಟುಂಬದ ದೇವಾಲಯಕ್ಕೆ, 2025ರ ಏಪ್ರಿಲ್ 21ರಂದು ದೈವಾಧೀನರಾಗುವ ಕೆಲವೇ ದಿನಗಳ ಮೊದಲಿನವರೆಗೂ, ಸಂಜೆಯ ಹೊತ್ತು ದೂರವಾಣಿಯ ಮೂಲಕ ಮಾತನಾಡಿಸಿ ಅಲ್ಲಿ ಆಶ್ರಯ ಪಡೆದವರ ಯೋಗಕ್ಷೇಮ ವಿಚಾರಿಸುತ್ತಿದ್ದರು. 2025ರ ಜುಲೈ 17ರಂದು ಆ ದೇವಾಲಯದ ಮೇಲೆಯೇ ಏಟು ಬಿದ್ದು ಮೂವರು ಮೃತರಾದರು. ವಿಶ್ವಗುರು 14ನೆಯ ಲಿಯೋ ಅವರು ಅದೇ ಆಗಸ್ಟ್ 22ರಂದು ಶಾಂತಿಗಾಗಿ ಉಪವಾಸ ಮತ್ತು ಪ್ರಾರ್ಥನೆಯ ದಿನವನ್ನು ಆಚರಿಸಲು ಕರೆಯಿತ್ತರು. ಅಕ್ಟೋಬರ್ ತಿಂಗಳಿಡೀ ದಿನವೂ ಶಾಂತಿಗಾಗಿ ಜಪಸರ ಹೇಳುವಂತೆ ಕೋರಿದರು.

ಹಾಗಾದರೆ ಉತ್ತರವೇನು?

ತರುಣರ ಪ್ರಶ್ನೆಗೆ ಮರಳೋಣ. 1915ರ ಪ್ರಾರ್ಥನೆಯ ಬಳಿಕವೂ ಯುದ್ಧವು ಮೂರೂವರೆ ವರ್ಷ ನಡೆಯಿತು. 1939ರ ಮೇ ತಿಂಗಳಲ್ಲಿ ಮಕ್ಕಳು ಪ್ರಾರ್ಥಿಸಿದರು. ಸೆಪ್ಟೆಂಬರಿನಲ್ಲಿ ಬಾಂಬು ಬಿದ್ದಿತು. ಇದನ್ನು ಮುಚ್ಚಿಡುವುದು ಸತ್ಯಕ್ಕೆ ಅಪಚಾರ. ಪ್ರಾರ್ಥನೆಯು ಗುಂಡನ್ನು ನಿಲ್ಲಿಸುವ ಯಂತ್ರವಲ್ಲ. ಮನುಷ್ಯರ ಸ್ವಾತಂತ್ರ್ಯವನ್ನು ದೇವರು ಕಿತ್ತುಕೊಳ್ಳುವುದಿಲ್ಲ. ಆತನ ಕುಮಾರನೇ ಶಿಲುಬೆಯ ಮೇಲಿಂದ, ತನ್ನನ್ನು ಕೊಲ್ಲುವವರಿಗಾಗಿ ಪ್ರಾರ್ಥಿಸುತ್ತಲೇ ಪ್ರಾಣಬಿಟ್ಟನು.

ಆದರೆ ಇನ್ನೊಂದು ಮಾತೂ ಅಷ್ಟೇ ಸತ್ಯ. ಸೊದೋಮ್ ಅಬ್ರಹಾಮನ ಊರಲ್ಲ. ಆದರೂ ಆ ಊರಿನ ಉಳಿವಿಗಾಗಿ ಆತನು ದೇವರೊಡನೆ ಐವತ್ತರಿಂದ ಹತ್ತರವರೆಗೆ ಚೌಕಾಸಿ ಮಾಡಿದನು. ಊರು ಉಳಿಯಲಿಲ್ಲ, ಆದರೆ ಅಬ್ರಹಾಮನನ್ನು ನೆನೆದು ದೇವರು ಲೋತನನ್ನು ಆ ವಿನಾಶದಿಂದ ಪಾರುಮಾಡಿದನೆಂದು ಆದಿಕಾಂಡ ಹೇಳುತ್ತದೆ. ಪರರಿಗಾಗಿ ಪ್ರಾರ್ಥಿಸುವವನು ಪರರನ್ನು ಪರರೆಂದು ಬಗೆಯುವುದನ್ನು ಕ್ರಮೇಣ ಮರೆಯುತ್ತಾನೆ. ಹಾಗೆ ಮರೆತವನ ಮನೆಯ ಬಾಗಿಲಿಗೆ ವಳಿವಡೆಯ ನಿರಾಶ್ರಿತರಂತಹವರು ಬಂದರೆ ಅಗಳಿ ಹಾಕಿಕೊಳ್ಳಲು ಆತನ ಕೈ ಏಳುವುದಿಲ್ಲ. ಚಳಿಯಲ್ಲಿ ನಡುಗುವವನಿಗೆ ಬಟ್ಟೆ ಕೊಡದೆ ಸುಖವಾಗಿರೆಂದು ಹರಸಿ ಕಳುಹಿಸುವ ವಿಶ್ವಾಸವನ್ನು ಸಂತ ಯಾಕೋಬರು ಸತ್ತ ವಿಶ್ವಾಸವೆಂದು ಕರೆದರು. ಆದುದರಿಂದ ನಮ್ಮ ಬಿನ್ನಹದ ಜೊತೆಗೆ ಕಾಣಿಕೆಯ ಹುಂಡಿಯೂ, ಉಪವಾಸದಿಂದ ಉಳಿದ ತುತ್ತೂ, ನಮ್ಮ ಬೀದಿಯ ಜಗಳಗಳ ರಾಜಿಯೂ ಸೇರಿರಬೇಕು. ನೆರೆಮನೆಯವನೊಡನೆ ಬದುವಿನ ತಕರಾರಿಗಾಗಿ ಮಾತು ಬಿಟ್ಟವನು ಎರಡು ದೇಶಗಳ ಸಂಧಿಗಾಗಿ ಪ್ರಾರ್ಥಿಸುವುದು ಹೇಗೆ?

ನಮ್ಮೂರಿನ ಮುಂದೆ ಹರಿಯುವ ಮಲಪ್ರಭೆ ಕಣಕುಂಬಿಯಲ್ಲಿ ಹುಟ್ಟಿ, ಗಂಗಾಂಬಿಕೆಯವರ ಐಕ್ಯ ಮಂಟಪವನ್ನು ಬಳಸಿ, ಸವದತ್ತಿಯ ಸೀಮೆಯನ್ನು ದಾಟಿ, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಇಲ್ಲಿ ಬೊಗಸೆಯಿಂದ ಜಾರಿದ ನೀರು ಯಾರ ಹೊಲಕ್ಕೆ ಹೋಯಿತು, ಯಾರ ಬಾಯಾರಿಕೆ ತಣಿಸಿತು ಎಂಬುದನ್ನು ನಾವು ಕಾಣಲಾರೆವು. ಕಾಣುವುದಿಲ್ಲವೆಂದು ನದಿ ಹರಿಯುವುದನ್ನು ನಿಲ್ಲಿಸುವುದಿಲ್ಲ. ನಮ್ಮ ಹಿರಿಯರ ಪ್ರಾರ್ಥನೆ ಕೂತ್ ಪಟ್ಟಣದ ಯಾವ ಸಿಪಾಯಿಯ ಕೊನೆಯ ಗಳಿಗೆಯನ್ನು ಹಗುರಗೊಳಿಸಿತೋ, ವಳಿವಡೆಯ ಯಾವ ಅನಾಥ ಮಗುವಿಗೆ ನಿದ್ದೆ ತಂದಿತೋ ದೇವರೇ ಬಲ್ಲನು.

ಈ ಶತಮಾನೋತ್ಸವದ ಶುಭಸಂದರ್ಭದಲ್ಲಿ ನಮ್ಮ ಸಹ ವಿಶ್ವಾಸಿಗಳಲ್ಲಿ ನಮ್ಮದೊಂದೇ ವಿನಂತಿ. ಮನೆಯ ಜಪಸರದ ಕೊನೆಯಲ್ಲಿ ಶಾಂತಿಯ ರಾಣಿಯನ್ನು ಸ್ಮರಿಸುವಾಗ ಒಂದು ಕ್ಷಣ ತಡೆದು, ಆ ದಿನ ಯುದ್ಧಕ್ಕೆ ಸಿಕ್ಕ ಒಂದು ಊರಿನ ಹೆಸರನ್ನು ಮಕ್ಕಳ ಬಾಯಿಂದ ಹೇಳಿಸಿರಿ. ಉಭಯ ಪಕ್ಷಗಳ ತಾಯಂದಿರನ್ನೂ ನೆನೆಯಿರಿ. ನಮ್ಮ ದೇವಾಲಯದ ಮುಂದಿನ ನೂರು ವರ್ಷಗಳ ಇತಿಹಾಸವನ್ನು ಬರೆಯುವವರಿಗೆ ಇದರ ದಾಖಲೆ ಸಿಗದಿರಬಹುದು. ಆದರೆ ಸಂಕಟದಲ್ಲಿರುವವರ ಮೊರೆಯನ್ನು ಆಲಿಸುವ ತಂದೆಯ ಬಳಿ ಅದು ಖಂಡಿತವಾಗಿ ಬರೆದಿರುವುದು.